ಕರ್ಮ ಬೇಡದ ಕ್ರಿಯಾಪದ

೨೦೨೨ನೆಯ ಇಸವಿ, ಆಗ ನನಗೆ ಐವತ್ತಮೂರು ವರ್ಷ. ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುವ ಕೆಲಸದಿಂದ ಆ ವರ್ಷವೇ ಸ್ವಯಂನಿವೃತ್ತಿ ಪಡೆದಿದ್ದೆ. ಭಾನುವಾರಗಳಂದು ನಾನೂ ನನ್ನ ತಮ್ಮನೂ ತೊಕ್ಕೊಟ್ಟಿನಿಂದ ಹೊಳೆಯ ಸೇತುವೆ ದಾಟಿ, ಪೇಟೆಯ ಬಲ್ಮಠದಲ್ಲಿರುವ ತಂಗಿಯ ಫ್ಲ್ಯಾಟಿಗೆ ಊಟಕ್ಕೆ ಹೋಗುವುದು ಹಳೆಯ ರೂಢಿ. ತಂಗಿ ಬಂಗುಡೆ ಮೀನಿನ ಸಾರು ಬಡಿಸುತ್ತಿದ್ದಳು. ತಮ್ಮನೂ ತಂಗಿಯ ಗಂಡನೂ ವಾದಿಸುತ್ತಿದ್ದರು. ವಾದದ ವಿಷಯ ಎಷ್ಟೋ ವರ್ಷಗಳಿಂದ ಒಂದೇ: ಕುಡಿತ ಹೆಚ್ಚು ಕೆಟ್ಟದ್ದೋ, ಸಿಗರೇಟು ಹೆಚ್ಚು ಕೆಟ್ಟದ್ದೋ. ತಮ್ಮ ಕುಡಿಯುತ್ತಿದ್ದ, ಭಾವ ಸಿಗರೇಟು ಸೇದುತ್ತಿದ್ದರು. ನಮ್ಮ ಮನೆಮಾತು ತುಳುವಾದರೂ ಈ ವಾದಕ್ಕೆ ಮಾತ್ರ ಇಬ್ಬರೂ ಕನ್ನಡವನ್ನೇ ಆರಿಸಿಕೊಳ್ಳುತ್ತಿದ್ದರು. ತೀರ್ಪು ಹೇಳಬೇಕಾದವನು ಕನ್ನಡ ಮಾಷ್ಟ್ರು ಎಂಬ ಗೇಲಿ ಅದರಲ್ಲಿತ್ತು.

"ಸಿಗರೇಟು ಸೇದಿ ನಾನು ಎಂದಾದರೂ ಚರಂಡಿಗೆ ಬಿದ್ದದ್ದು ಉಂಟಾ?" ಎಂದು ಭಾವ ಆರಂಭಿಸುತ್ತಿದ್ದರು. "ನೆಟ್ಟಗೆ ಆಫೀಸಿಗೆ ಹೋಗ್ತೇನೆ, ನೆಟ್ಟಗೆ ಮನೆಗೆ ಬರ್ತೇನೆ."

"ಬಂದು ಮನೆಯನ್ನೇ ಒಲೆ ಮಾಡ್ತೀರಿ. ನಾನು ಕುಡಿದದ್ದು ನನ್ನ ಹೊಟ್ಟೆಯಲ್ಲೇ ಇರ್ತದೆ ಭಾವ. ನಿಮ್ಮದು ಊರಿಗೆಲ್ಲ ಹಂಚಲಿಕ್ಕೆ."

"ಹೊಟ್ಟೆಯಲ್ಲೇ ಇರ್ತದಾ? ಮೊನ್ನೆ ನಮ್ಮ ಮೆಟ್ಟಿಲ ಮೇಲೆ ಕಂಡದ್ದು ಮತ್ತೆ ಎಂತ ಮಾರಾಯ?"

ಸೋಲುವ ಹೊತ್ತಿಗೆ ತಮ್ಮ ನನ್ನ ಕಡೆ ತಿರುಗುತ್ತಿದ್ದ. "ಅಣ್ಣ, ನೀನೇ ಹೇಳು. 'ಅವನು ಕುಡೀತಾನೆ' ಅಂದರೆ ಎಂತ ಕುಡೀತಾನೆ ಅಂತ ಯಾರಾದರೂ ಕೇಳ್ತಾರಾ? ಇಲ್ಲ. 'ಅವನು ಸೇದ್ತಾನೆ' ಅಂದರೆ ಕೇಳಬೇಕು: ಬೀಡಿಯಾ, ಸಿಗರೇಟಾ, ಬಾವಿಯ ನೀರಾ? ನನ್ನ ಕ್ರಿಯಾಪದಕ್ಕೆ ಕರ್ಮ ಬೇಡ. ಹಾಗಾಗಿ ನಾನೇ ದೊಡ್ಡವ."

ವ್ಯಾಕರಣದಲ್ಲಿ ಅವನು ತಪ್ಪಿರಲಿಲ್ಲ. 'ಕುಡಿ' ಎಂಬುದು ಸಕರ್ಮಕ ಧಾತು. ಆದರೂ ಲೋಕವು ಅದರ ಕರ್ಮಪದವನ್ನು ಕೈಬಿಟ್ಟಿದೆ. ಆ ಒಂಟಿ ಕ್ರಿಯಾಪದವೇ ಅವನಿಗೆ ಬಂದ ಸಂಬಂಧಗಳನ್ನು ಒಂದೊಂದಾಗಿ ಹಿಂದಕ್ಕೆ ಕಳುಹಿಸಿತ್ತು. ಹೆಣ್ಣಿನ ಕಡೆಯವರು ಅವನು ನಡೆಸುತ್ತಿದ್ದ ಅಂಗಡಿಯ ಪಕ್ಕದಲ್ಲಿ ವಿಚಾರಿಸುತ್ತಿದ್ದರು, ಒಂದೇ ಶಬ್ದದ ಉತ್ತರ ಪಡೆಯುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ.

"ಕರ್ಮ ನಿನಗೆ ಬೇಡದಿದ್ದರೆ ಬೇಡ. ನಿಮಗಿಬ್ಬರಿಗೂ ಬಡಿಸುವುದು ನನ್ನ ಕರ್ಮ" ಎಂದು ತಂಗಿ ನಗುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು. ಮೆಣಸು ಹುರಿದ ಘಾಟು ಎಂದು ಅವಳು ಹೇಳುತ್ತಿದ್ದಳು, ನಾವೂ ಹಾಗೆಯೇ ತಿಳಿದಿದ್ದೆವು.

ಆ ವರ್ಷದ ಮಳೆಗಾಲದಲ್ಲಿ ತಮ್ಮನ ಕಣ್ಣು ಹಳದಿಯಾಯಿತು; ಹೊಟ್ಟೆ ನೀರು ತುಂಬಿ ಬಿಗಿಯಿತು. ಯಕೃತ್ತು ಕಲ್ಲಾಗಿದೆ, ಹತ್ತಿರದ ಸಂಬಂಧಿಕರೊಬ್ಬರ ಯಕೃತ್ತಿನ ಭಾಗವನ್ನು ಕಸಿ ಮಾಡಿದರೆ ಮಾತ್ರ ಉಳಿಯುವನು ಎಂದರು ವೈದ್ಯರು. ನನಗೆ ಸಕ್ಕರೆ ಕಾಯಿಲೆ. ಮೊದಲ ದಿನವೇ ನನ್ನನ್ನು ಬದಿಗಿಟ್ಟರು. ತಮ್ಮ ಅಂದಿನಿಂದ ಒಂದು ಹನಿಯನ್ನೂ ಮುಟ್ಟಲಿಲ್ಲ. ತಂಗಿಯ ರಕ್ತದ ಗುಂಪು ಹೊಂದಿತು. ಅವಳು ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

"ಇಷ್ಟು ವರ್ಷ ನಿನ್ನ ಸಾರು ತಿಂದದ್ದು ಸಾಲದಾ ಅಕ್ಕ? ಈಗ ನಿನ್ನನ್ನೇ ತಿನ್ನುವುದಾ?" ಎಂದ ತಮ್ಮ, ಆಸ್ಪತ್ರೆಯ ಮಂಚದ ಮೇಲಿಂದ.

"ತಿನ್ನು. ಉಪ್ಪು ಕಡಿಮೆ ಅಂತ ಮಾತ್ರ ಹೇಳಬೇಡ."

ಪರೀಕ್ಷೆಗಳು ಒಂದೊಂದಾಗಿ ಮುಗಿದವು. ಕೊನೆಗೆ ಉಳಿದದ್ದು ಉಸಿರಿನದು. ಕೊಳವೆಯೊಂದನ್ನು ಬಾಯಿಗಿಟ್ಟು ಜೋರಾಗಿ ಊದಬೇಕಾಗಿತ್ತು. "ಇನ್ನೂ ಊದಿ ಅಮ್ಮ, ಇನ್ನೂ" ಎಂದು ನರ್ಸ್ ಹುರಿದುಂಬಿಸುತ್ತಿದ್ದಳು. ತಂಗಿಯ ಕೊರಳ ನರಗಳು ಉಬ್ಬಿದವು. ಮತ್ತೆ ಊದಿಸಿದರು. ಆಮೇಲೆ ಎದೆಯ ವೈದ್ಯರು ತಂಗಿಯನ್ನೂ ಭಾವನನ್ನೂ ನನ್ನನ್ನೂ ಒಳಗೆ ಕರೆದು ಕೂರಿಸಿದರು.

"ಮನೆಯಲ್ಲಿ ಯಾರಾದರೂ ಸೇದುವುದುಂಟಾ?"

ಆ ವಾಕ್ಯದಲ್ಲಿ ಕರ್ಮಪದವಿರಲಿಲ್ಲ. ಏನನ್ನು ಎಂದು ಭಾವ ಕೇಳಲಿಲ್ಲ. ಅವರ ಕೈ ಅಂಗಿಯ ಜೇಬಿನ ಮೇಲೆ ಹೋಗಿ, ಅಲ್ಲಿಯೇ ನಿಂತಿತು.

"ನಾನು ಒಂದು ದಿನವೂ ಸೇದಿದವಳಲ್ಲ ಡಾಕ್ಟ್ರೇ" ಎಂದಳು ತಂಗಿ.

"ಗೊತ್ತಮ್ಮ. ಆದರೆ ಇಷ್ಟು ದೊಡ್ಡ ಆಪರೇಷನ್ ತಡೆಯುವ ಶಕ್ತಿ ನಿಮ್ಮ ಶ್ವಾಸಕೋಶಕ್ಕೆ ಇಲ್ಲ. ನಿಮ್ಮ ಲಿವರಿನ ಭಾಗ ತೆಗೆಯಲಿಕ್ಕೆ ಆಗುವುದಿಲ್ಲ."

ಕರ್ತೃವಿನ ಕ್ರಿಯೆಯ ಫಲವು ಯಾವುದರ ಮೇಲೆ ಬೀಳುವುದೋ ಅದೇ ಕರ್ಮ. ಈ ಸೂತ್ರವನ್ನು ನಾನು ಎಷ್ಟು ತರಗತಿಗಳಿಗೆ ಬಾಯಿಪಾಠ ಮಾಡಿಸಿರಬಹುದು! ಉದಾಹರಣೆಯ ವಾಕ್ಯಗಳಲ್ಲಿ ಕರ್ಮಪದದ ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಭಾವನ ವಾಕ್ಯದಲ್ಲಿ ಕರ್ಮವು ಸಿಗರೇಟು ಎಂದೇ ನಾವೆಲ್ಲರೂ ಭಾವಿಸಿದ್ದೆವು. ಅದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿತ್ತು.

ತಮ್ಮನಿಗೆ ಈ ವಿಷಯವನ್ನು ಅವಳೇ ಹೇಳಿದಳು. ಅವನು ಮಂಚದ ಮೇಲೆ ಎದ್ದು ಕೂತ. ಆಮೇಲೆ, "ಭಾವನಿಗೆ ಬೈಯಬೇಡಿ. ನಾನು ಕುಡಿಯದಿದ್ದರೆ ಅಕ್ಕನ ಉಸಿರನ್ನು ಯಾರು ಅಳೆಯುತ್ತಿದ್ದರು?" ಎಂದ. ವಾದದಲ್ಲಿ ಅವನು ಎದುರಾಳಿಯ ಪರವಾಗಿ ಆಡಿದ ಮಾತು ಅದೊಂದೇ.

ಮೃತರ ಅಂಗಕ್ಕಾಗಿ ಹೆಸರು ಬರೆಸಿ ಕಾದೆವು. ಮರುವರ್ಷದ ಜನವರಿ ಇಪ್ಪತ್ತನಾಲ್ಕರಂದು ಅವನು ತೀರಿಕೊಂಡ.

ಹದಿಮೂರನೆಯ ದಿನ ಉತ್ತರಕ್ರಿಯೆ. ನಾವು ಅದನ್ನು ಬೊಜ್ಜವೆನ್ನುತ್ತೇವೆ. ಹೋದವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯಲ್ಲಿ ಬಡಿಸಿಡುವುದು ಪದ್ಧತಿ. ಹಿರಿಯರಾದ ಸೋದರಮಾವ, "ಅವನಿಗೆ ಇಷ್ಟದ್ದು ಇಡದೆ ಆಗ್ತದಾ?" ಎಂದು ಸಣ್ಣ ಲೋಟದಲ್ಲಿ ಬ್ರಾಂದಿ ಸುರಿದು ಎಲೆಯ ಪಕ್ಕದಲ್ಲಿಟ್ಟರು. ಆಗ ಭಾವ ಮುಂದೆ ಬಂದು, ಜೇಬಿನಿಂದ ಸಿಗರೇಟಿನ ಪ್ಯಾಕು ತೆಗೆದು, ಲೋಟದ ಬದಿಗೆ ಇಟ್ಟರು.

"ಎಂತ ಮಾರಾಯ, ಅವನು ಸಿಗರೇಟು ಮುಟ್ಟಿದವನೇ ಅಲ್ಲ" ಎಂದರು ಸೋದರಮಾವ.

"ಗೊತ್ತುಂಟು. ಅವನು ಗೆದ್ದ. ಸೋತವನು ಕೊಡುವುದು ಅಂತ ಇಟ್ಟೆ."

ಅಡುಗೆಮನೆಯಿಂದ ತಂಗಿ ಸಾರಿನ ಪಾತ್ರೆ ಹಿಡಿದು ಬಂದಳು. ಎಲೆಯನ್ನು ನೋಡಿ ನಿಂತಳು. "ಯಾವುದು ಹೆಚ್ಚು ಕೆಟ್ಟದ್ದು ಅಂತ ನೀವಿಬ್ಬರೂ ಅಣ್ಣನಲ್ಲಿ ಕೇಳಿದಿರಿ" ಎಂದು ಹೇಳಿ, ಉಸಿರು ತೆಗೆದುಕೊಂಡಳು. "ನನ್ನಲ್ಲಿ ಒಂದು ಸಲ ಕೇಳಿದಿರಾ?"

"ಈಗ ಕೇಳ್ತೇನೆ" ಎಂದರು ಭಾವ.

"ಈಗ ಎಂತ ಹೇಳುವುದು? ಎರಡೂ ಬಂದು ಬಿದ್ದದ್ದು ನನ್ನ ಮೇಲೆಯೇ."

ಲೋಟವನ್ನೂ ಪ್ಯಾಕನ್ನೂ ಎತ್ತಿ ಅವಳು ಭಾವನ ಕೈಯಲ್ಲಿಟ್ಟಳು. ಎಲೆಗೆ ಬಂಗುಡೆ ಸಾರು ಬಡಿಸಿದಳು. ಸತ್ತವರಿಗೆ ಇಡುವ ಅಡುಗೆಯ ರುಚಿ ನೋಡುವಂತಿಲ್ಲ. "ಉಪ್ಪು ನೋಡಲಿಲ್ಲ, ಮಗ. ತಿನ್ನು" ಎಂದಳು.

ಆ ವಾದ ಆಮೇಲೆ ನಮ್ಮಲ್ಲಿ ನಡೆದಿಲ್ಲ. ಅಂದು ೨೦೨೩ನೆಯ ಇಸವಿ, ಫೆಬ್ರವರಿ ತಿಂಗಳ ಐದನೆಯ ತಾರೀಕು, ಭಾನುವಾರ.