ಸಂಜೆಗೆ ಮನೆಗೆ ಬರುವ ಅಂಗಿ

ಹೊನವಾಡದ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಬಿಸಿಲಿಗೆ, ತಂತಿಯ ಗೀರಿಗೆ, ಎಲೆಗೆ ಹೊಡೆದ ಔಷಧಿಗೆ ಅದೇ ತಡೆ. ಯಾರ ಹಳೆಯ ಅಂಗಿಯಾದರೂ ನಡೆಯುತ್ತದೆ. ಕೆಲಸ ಮುಗಿದೊಡನೆ ಬಿಚ್ಚಿ ಚೀಲಕ್ಕೆ ತುರುಕುತ್ತಾರೆ. ಚಿಗವ್ವ, ನನ್ನ ತಾಯಿಯ ತಂಗಿ, ಮಾತ್ರ ಅದನ್ನು ತೊಟ್ಟೇ ಮನೆಗೆ ಬರುತ್ತಿದ್ದಳು.

ಅದು ಅವಳ ಗಂಡನ, ಅಂದರೆ ನನ್ನ ಕಾಕಾನ ಅಂಗಿ, ನೀಲಿ ಗೆರೆಯದು. ಕಾಕಾ ತೀರಿದಾಗ ನಿಧನವಾರ್ತೆ ಬರೆದವನು ನಾನೇ. ವಿಜಯಪುರದ ಪತ್ರಿಕೆಯೊಂದರ ಡೆಸ್ಕಿನಲ್ಲಿ ನನ್ನ ಕೆಲಸ. ಹೆಸರು, ವಯಸ್ಸು, ಊರು, ಅಂತ್ಯಕ್ರಿಯೆಯ ವೇಳೆ, ಕೆಲವೇ ಸಾಲು. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಹಿರಿಯರು ಹೇಳಿದಾಗ ಚಿಗವ್ವ ಎಲ್ಲವನ್ನೂ ಕೊಟ್ಟು, ಇದೊಂದನ್ನು ಉಳಿಸಿಕೊಂಡಳು. ಆಮೇಲೆ ದಿನವೂ ಅದೇ. ಗೊನೆ ಕೊಯ್ಯುವಾಗ ಅದರ ಅಂಚೇ ಉಡಿ, ಬುಟ್ಟಿ ಹೊರುವಾಗ ಸುತ್ತಿದರೆ ಸಿಂಬಿ. ಹರಿದಲ್ಲಿ ಹಳೆಯ ಸೀರೆಯ ತುಂಡಿಟ್ಟು, ಕೌದಿಗೆ ಹಾಕುವಂಥ ಸಾಲುಹೊಲಿಗೆ ಹಾಕುತ್ತಿದ್ದಳು. ವಿಜಯಪುರದ ಗಾಂಧಿ ಚೌಕಕ್ಕೆ ಸಂತೆಗೆ ಬಂದರೂ ಅದೇ ಅಂಗಿ. ಒಮ್ಮೆ ಬಸ್ಸಿನಲ್ಲಿ ನೆರೆಮನೆಯವಳು ಕೆಣಕಿದಳು: "ಏನ ಬೇ, ಗಂಡನ್ನ ಇನ್ನೂ ಮೈಮ್ಯಾಲ ಹೊತಗೊಂಡ ಅಡ್ಡಾಡಾಕತ್ತಿಯಲ್ಲ?"

ಚಿಗವ್ವ ಅಂಗಿಯ ಕಿಸೆಯಿಂದ ಎಲೆ ಅಡಿಕೆ ತೆಗೆಯುತ್ತ ಹೇಳಿದಳು: "ಇದ್ದಾಗ ಒಂದಿನಾನೂ ನನ್ನ ಚೀಲ ಹೊರಲಿಲ್ಲ. ಈಗ ಹೊರ್ತಾನ."

ಬಸ್ಸು ನಕ್ಕಿತು. ನಿಜವಾದ ಕಾರಣ ನನಗೆ ತಿಳಿದದ್ದು ನಂತರ. ಒಂದು ಮುಸ್ಸಂಜೆ ನಾನು ಬಸ್ಸಿಳಿದು ತೋಟದ ಬದುವಿನಲ್ಲಿ ಬರುತ್ತಿದ್ದೆ. ಬಳ್ಳಿಯ ಸಾಲುಗಳ ನಡುವೆ ಕಾಕಾ ನಡೆದು ಹೋಗುತ್ತಿದ್ದ. ತೋಳು ಮೊಣಕೈವರೆಗೆ ಮಡಚಿತ್ತು, ಎಡಗಾಲು ತುಸು ಎಳೆಯುತ್ತಿತ್ತು. ಚಿಗವ್ವನೆಂದು ಗೊತ್ತಿತ್ತು. ಆದರೂ ನನ್ನ ಕಾಲು ನಿಂತವು. ಕಾಕಾನ ಆ ಎಡಗಾಲ ನಡಿಗೆಯನ್ನು ಅವಳು ಯಾವಾಗ ಕಲಿತಳು?

ಮನೆಯ ಕಟ್ಟೆಯ ಮೇಲೆ ಕಾಕಾನ ತಾಯಿ ಕೂತಿದ್ದಳು. ಮುದುಕಿಯ ಕಣ್ಣು ಮಂಜು, ನೆನಪೂ ಹಾಗೇ. ಮಗ ಸತ್ತಾಗ ಎದೆ ಬಡಿದುಕೊಂಡು ಅತ್ತವಳು, ಕೆಲವೇ ದಿನಗಳಲ್ಲಿ ಅದನ್ನು ಮರೆತಿದ್ದಳು. ನೀಲಿ ಗೆರೆ ಕಂಡೊಡನೆ, "ಬಂದ್ಯಾ ಲೇ?" ಎಂದಳು. ಚಿಗವ್ವ ಮಾತಾಡದೆ ಕೈಯೆತ್ತಿ ಹಿತ್ತಲ ಕಡೆಯಿಂದ ಒಳಗೆ ಹೋದಳು. ಅಂಗಿ ಬಿಚ್ಚಿಟ್ಟು, ಸೊಸೆಯಾಗಿ ತಾಟು ಹಿಡಿದು ಹೊರಗೆ ಬಂದಳು. ಮುದುಕಿ ಉಂಡಳು.

ಖಾಲಿ ತಾಟು ಒಳಗೆ ಒಯ್ಯುತ್ತ ಚಿಗವ್ವನೇ ಹೇಳಿದಳು: "ಖರೇ ಹೇಳಿದ್ರ ದಿನಾ ಸಾಯ್ತಾನ. ಹೇಳ್ದಿದ್ರ ಒಮ್ಮೆ ಸತ್ತಾನ, ಅಷ್ಟ."

ಆ ವರ್ಷ ಅವಳ ಮಗಳು ಬಬಲೇಶ್ವರದ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಳು. ಕೂಸಿನ ಮೊದಲ ಕೌದಿಗೆ ನಮ್ಮಲ್ಲಿ ಹೊಸ ಬಟ್ಟೆ ಬಳಸುವುದಿಲ್ಲ. ಹಿರಿಯರು ಉಟ್ಟು ಮೆತ್ತಗಾದದ್ದೇ ಬೇಕು. ಅಪ್ಪನದೂ ಒಂದು ತುಂಡು ಇರಲೆಂದು ಮಗಳಿಗೆ ಆಸೆ. ಚಿಗವ್ವ ಅಂಗಿ ಒಗೆದು ಹರವಿದ ದಿನ, ಮಗಳು ಹಳೆಯ ಸೀರೆಗಳ ಜೊತೆ ಅದನ್ನೂ ಗಂಟು ಕಟ್ಟಿ, ತಿಕೋಟಾದಲ್ಲಿ ಕೌದಿ ಹೊಲಿಯುವ, ಎಲ್ಲರೂ ಖಾಲಾ ಎಂದು ಕರೆಯುವ ಹೆಂಗಸಿಗೆ ಕಳಿಸಿಬಿಟ್ಟಳು. ಬಾಣಂತಿ ಕೋಣೆಯೊಳಗೇ ಇದ್ದ ಅವಳಿಗೆ, ಅಜ್ಜಿ ಆ ಅಂಗಿಯಲ್ಲಿ ಮಗನನ್ನು ಕಾಣುವ ವಿಷಯ ಯಾರೂ ಹೇಳಿರಲಿಲ್ಲ.

ಕೂಸು ನೋಡಲು ನಾನು ಹೋದ ದಿನವೇ ಅದು ನಡೆಯಿತು. ಸಂಜೆ ಚಿಗವ್ವ ಹಿತ್ತಲ ಹಗ್ಗದಲ್ಲಿ ಅಂಗಿ ಸಿಗದೆ ಬರಿಯ ಸೀರೆಯಲ್ಲೇ ಕಟ್ಟೆಗೆ ಬಂದಳು. ಮುದುಕಿ ಅವಳ ಹಿಂದಿನ ದಾರಿ ನೋಡಿದಳು. "ನೀ ಬಂದಿ. ಅಂವ ಎಲ್ಲಿ?"

ತಾಟು ಮುಟ್ಟಲಿಲ್ಲ. ಕತ್ತಲಾಗುವವರೆಗೂ ಕೇಳುತ್ತಲೇ ಇದ್ದಳು. ತಡೆಯಲಾಗದೆ ಮೊಮ್ಮಗಳು, ಅಪ್ಪ ತೀರಿ ಬಹಳ ದಿನವಾಯಿತು ಎಂದು ಹೇಳಿಬಿಟ್ಟಳು. ಆಗ ಎದ್ದ ಅಳು ಹಳೆಯ ಸಾವಿನದಲ್ಲ, ಆಗಷ್ಟೇ ಆದ ಸಾವಿನದು. ಓಣಿಯವರು ಹೊರಗೆ ಬಂದು ನಿಂತರು. ಬೆಳಗ್ಗೆ ಮುದುಕಿ ಎದ್ದು, ಮಗ ತೋಟಕ್ಕೆ ಹೋದನೇ ಎಂದು ಕೇಳಿದಳು.

ನಾನೂ ಚಿಗವ್ವನೂ ತಿಕೋಟಾಕ್ಕೆ ಹೋದೆವು. ಖಾಲಾ ಅಂಗಳದಲ್ಲಿ ಕೌದಿ ಹರವಿ ಕೂತಿದ್ದಳು. ಅಂಗಿಯ ಎರಡೂ ತೋಳು ಆಗಲೇ ತ್ರಿಕೋನವಾಗಿ ಹೊಲಿಗೆಯೊಳಗೆ ಸೇರಿದ್ದವು.

"ಕೌದ್ಯಾಗ ಹೊಕ್ಕ ಅರಬಿ ಬಿಚ್ಚಬಾರದು ಯಕ್ಕಾ," ಎಂದಳು ಖಾಲಾ. "ಕೂಸಿನದು ಐತಿ."

ಬೇರೆ ಬಟ್ಟೆಯ ತೋಳು ಹಚ್ಚಿಕೊಡುತ್ತೇನೆಂದು ಖಾಲಾ ಹೇಳಿದರೂ, ಹೊತ್ತಾಗುತ್ತದೆ ಎಂದು ಚಿಗವ್ವ ತೋಳಿಲ್ಲದ ಅಂಗಿಯನ್ನೇ ಅಲ್ಲೇ ತೊಟ್ಟು ಬಸ್ಸು ಹತ್ತಿದಳು.

ನಾವು ಓಣಿ ತಿರುಗಿದಾಗ ಮುದುಕಿ ಕಟ್ಟೆಯ ಮೇಲಿದ್ದಳು. ಚಿಗವ್ವ ಎಂದಿನಂತೆ ಕೈಯೆತ್ತಿದಳು. ಕೈಯಲ್ಲಿ ಬಳೆ ಇರಲಿಲ್ಲ, ಅಂಗಿಗೆ ತೋಳೂ ಇರಲಿಲ್ಲ.

"ಅಂಗಿ ತೋಳ ಎಲ್ಲಿ ಹ್ವಾದ್ವಲೇ?"

ಆ ಅಂಗಿಯಲ್ಲಿ ಚಿಗವ್ವ ಅವಳೆದುರು ಎಂದೂ ಬಾಯಿ ಬಿಟ್ಟಿರಲಿಲ್ಲ. ನಿಂತಳು. ಬಂದ ದನಿ ತಗ್ಗಿತ್ತು, ಒಡೆದಿತ್ತು. "ಮಗಳ ಕೂಸಿನ ಕೌದಿಗೆ ಕೊಟ್ಟೇನಿ, ಯವ್ವಾ."

ಅತ್ತೆಯನ್ನು ಅವಳು ಯಾವತ್ತೂ ಅತ್ತೀ ಎಂದೇ ಕರೆಯುತ್ತಿದ್ದಳು. ಮುದುಕಿಯ ಮುಖ ಅರಳಿತು.

"ಚಲೋ ಮಾಡಿದಿ. ಕೂಸಿನ್ನ ಎತ್ತಿಗೊಂಡ್ಯೋ ಇಲ್ಲೋ?"

ಚಿಗವ್ವ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಮಗಳು ಕೂಸನ್ನು ಹಿಡಿದು ನಿಂತಿದ್ದಳು. ನಿನ್ನೆ ನಿಜ ಹೇಳಿದವಳು ಅವಳೇ. ಮೆಟ್ಟಿಲಿಳಿದು ಬಂದು ಕೂಸನ್ನು ಚಿಗವ್ವನ ಆ ಬರಿಗೈಗಳಲ್ಲಿಟ್ಟಳು.

"ಹಿಡಿ, ಅಪ್ಪಾ," ಎಂದಳು.

ಮುದುಕಿ ರೊಟ್ಟಿ ಕೇಳಿದಳು.