ಹಕೀಕ ಒಣಗುವ ತನಕ

ಮಕ್ಕಳೇ, ಇವತ್ತು ಮೊಮ್ಮಗಳು ನಲ್ಲಿಯಲ್ಲಿ ತೊಳೆದ ಕೆಂಪು ಕಲ್ಲು ತೋರಿಸಿದಾಗ ನನಗೆ ಅವ್ವನ ನೆನಪಾಯಿತು.

ನಾನು ಚಿಕ್ಕವಳಿದ್ದಾಗ, ನನ್ನ ತಮ್ಮ ಅವ್ವನ ಹೊಟ್ಟೆಯಲ್ಲಿದ್ದಾಗ, ಅವಳಿಗೆ ರಕ್ತ ಹೋಗತೊಡಗಿತ್ತು. ಕೆಂಪು ಹಕೀಕ ಕಲ್ಲನ್ನು ನಡುವಿಗೆ ಕಟ್ಟಿದರೆ ನಿಲ್ಲುತ್ತದೆಂದು ನಮ್ಮ ಆಯಿಯ, ಅಂದರೆ ಅವ್ವನ ತಾಯಿಯ, ನಂಬಿಕೆ. ಚಿಮ್ಮನಚೋಡದ ಹಳ್ಳದಲ್ಲಿ ಹುಡುಕಿ ನಾನೊಂದು ತಂದುಕೊಟ್ಟೆ.

“ಭಾಳ ಕೆಂಪದ ಆಯೀ!”

“ಹಸೀ ಇದ್ರ ಎಲ್ಲಾ ಕಲ್ಲೂ ಕೆಂಪೇ ಕಾಣಸ್ತಾವ, ಹುಚ್ಚಿ. ಒಣಗಲಿ ತಡಿ,” ಎಂದು ಆಯಿ ಸೆರಗಿನಿಂದ ಒರೆಸಿ ಬಿಸಿಲಿಗಿಟ್ಟಳು.

ನಾನು ಪಕ್ಕದಲ್ಲೇ ನೋಡುತ್ತ ಕೂತೆ. ಅಂಚಿನಿಂದ ಮಾಸುತ್ತ ಬಂದ ಕಲ್ಲು ಕೊನೆಗೆ ಮಂಕು ಇಟ್ಟಿಗೆಪುಡಿಯ ಬಣ್ಣವಾಯಿತು; ಅದು ಹಕೀಕ ಅಲ್ಲ.

“ಸಿಕ್ತೇನ ಎವ್ವಾ?” ಒಳಗಿಂದ ಅವ್ವನ ದನಿ.

ಆಯಿ ತಟ್ಟನೆ ಕಲ್ಲನ್ನು ತಂಬಿಗೆಯ ನೀರಿಗೆ ಅದ್ದಿ ಒಳಗೆ ಹೋದಳು. “ನೋಡವ್ವ, ಕೆಂಡ ಇದ್ಹಂಗ ಅದ!”

ಅವ್ವನೂ ತಮ್ಮನೂ ಉಳಿದರು.

ಆದರೂ ಇವತ್ತು ಮೊಮ್ಮಗಳ ಕಲ್ಲು ಒಣಗುವುದನ್ನು ಕೂತು ನೋಡಲು ನನ್ನಿಂದಾಗಲಿಲ್ಲ. “ಹೋಗವ್ವ, ಮತ್ತ ತೊಳಕೊಂಡು ಬಾ,” ಎಂದೆ.