ಅಜ್ಜನ ಕಡೆಗೇ ನೋಡುವ ಮಗು

ಟೋಪಿಯಜ್ಜನನ್ನು ಅವಳು ಮೊದಲ ಸಲ ನೋಡಿದ್ದು ಒಂದು ಮಧ್ಯಾಹ್ನ, ಅವರ ಅಂಗಡಿಯ ಹೊಸ್ತಿಲ ಮೇಲೆ ನಿಂತು. ಆಗಿನ್ನೂ ಅವಳು ಆ ಮನೆಯ ಸೊಸೆಯಲ್ಲ. ಮದುವೆಯಾಗಬೇಕೆಂದಿದ್ದ ಹುಡುಗ ಪಕ್ಕದಲ್ಲಿ ನಿಂತು ಸುಮ್ಮನೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಟೋಪಿ ಹೊಲಿಯುವ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ರಸ್ತೆಗೆ ತೆರೆದ ಬಾಗಿಲು, ಪಕ್ಕದಲ್ಲಿ ಕಿಟಕಿ, ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಹಲಗೆಗಳ ಮೇಲೆ ಮರದ ತಲೆಗಳು, ಕಣ್ಣಿಲ್ಲ ಮೂಗಿಲ್ಲ, ಚಿಕ್ಕದರಿಂದ ದೊಡ್ಡದಕ್ಕೆ ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು. ಮೂಲೆಯಲ್ಲಿ ಒಂದು ಕೆಟಲ್ ಹಬೆ ಉಗುಳುತ್ತಿತ್ತು. ಕೋಣೆಯ ತುಂಬ ಅಂಟಿನ ಮತ್ತು ಒದ್ದೆ ಉಣ್ಣೆಯ ವಾಸನೆ.

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಮುದುಕರು ಅವಳ ಮುಖ ನೋಡಲಿಲ್ಲ. ಹುಬ್ಬಿನಿಂದ ಮೇಲಕ್ಕೆ ನೋಡಿದರು. ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, "ಇಪ್ಪತ್ತೊಂದೂವರೆ" ಎಂದರು. ಕೊರಳಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿ ತೆಗೆದು ಅವಳ ತಲೆಗೆ ಸುತ್ತಿ ನೋಡಿದರು. ಸರಿಯಾಗಿ ಇಪ್ಪತ್ತೊಂದೂವರೆ ಅಂಗುಲ. ಕಣ್ಣಳತೆ ತಪ್ಪಲಿಲ್ಲವೆಂಬ ಸಂತೋಷದಲ್ಲಿ ಮದುವೆಗೆ ಒಪ್ಪಿಗೆಯೂ ಸಿಕ್ಕಿಬಿಟ್ಟಿತು. ಹೆಸರು, ಓದು, ಕೆಲಸ ಎಲ್ಲ ಕೇಳಿದ್ದು ಆಮೇಲೆ, ಅದೂ ಮಗ ನೆನಪಿಸಿದ್ದಕ್ಕೆ.

ಕೆಲಸ ಅವಳಿಗೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜನ ಆ ಸಣ್ಣ ಕಿಂಡಿಗೆ ಮುಖ ಒಡ್ಡಿ, ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದನ್ನೇ ಅವಳ ಬಾಯಿಂದ ಕೇಳಿ ತಿಳಿದುಕೊಂಡು ಹೋಗುತ್ತಿದ್ದರು. ಗಂಡ ಲಾರಿ ಓಡಿಸುತ್ತಿದ್ದ. ಹೋದರೆ ವಾರಗಟ್ಟಲೆ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಹೀಗಾಗಿ ಮಗು ಹುಟ್ಟಿ, ರಜೆ ಮುಗಿಯುತ್ತ ಬಂದಾಗ, ಅದನ್ನು ಹಗಲು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಗೆ ಉತ್ತರ ಒಂದೇ ಇತ್ತು. ಆ ಉತ್ತರ ಯಂತ್ರದ ಮುಂದೆ ಕೂತು ಕಾಲು ತುಳಿಯುತ್ತಿತ್ತು.

ಅಜ್ಜನಿಗಂತೂ ನೆಲದ ಮೇಲೆ ಕಾಲು ನಿಲ್ಲದಷ್ಟು ಸಂಭ್ರಮ. ಸುತ್ತ ಕಂಬಿಯಿದ್ದ ಪುಟ್ಟ ಮಂಚವನ್ನು ತಾವೇ ಎಳೆದು ತಂದು ಅಂಗಡಿಯ ಒಳಗೋಡೆಗೆ ಒತ್ತಿ ಹಾಕಿದರು. ಮಗು ಅಂಗಾತ ಮಲಗಿದರೆ ಎಡಕ್ಕೆ ಗೋಡೆ, ಬಲಕ್ಕೆ ಅಜ್ಜ. ಮಗು ಕಣ್ಣು ಬಿಟ್ಟಾಗಲೆಲ್ಲ ಬಲಕ್ಕೇ ನೋಡುತ್ತಿತ್ತು. ನಿದ್ದೆ ಹೋದರೂ ಮುಖ ಬಲಕ್ಕೇ. ಇದನ್ನು ಮೊದಲು ಕಂಡವರು ಅಜ್ಜ, ಕಂಡ ಮೇಲೆ ಬೀದಿಗೆಲ್ಲ ಸಾರಿದವರೂ ಅವರೇ. ಬಂದ ಗಿರಾಕಿಯನ್ನು ಮಂಚದ ಹತ್ತಿರ ಕರೆದೊಯ್ದು, "ನೋಡಿ ಬೇಕಾದ್ರೆ, ನೀವು ಏನೇ ಮಾಡಿ, ಅವನ ಕಣ್ಣು ನನ್ನ ಮೇಲೇ" ಎನ್ನುವರು. ಗಿರಾಕಿ ಚಿಟಿಕೆ ಹೊಡೆದರೂ ಮಗು ಕದಲುತ್ತಿರಲಿಲ್ಲ. ಅಜ್ಜ ಮೀಸೆಯಡಿ ನಗುವರು. ಹುಟ್ಟಿಸಿದ ಅಪ್ಪನಿಗಿಲ್ಲದ ಭಾಗ್ಯ ತಮಗೆ ಬಂದಿದೆಯೆಂದು ಪಕ್ಕದ ಅಂಗಡಿಯ ಇಸ್ತ್ರಿಯವಳಿಗೆ ದಿನಕ್ಕೊಮ್ಮೆಯಾದರೂ ಹೇಳಬೇಕು. ಅವಳೂ ಬಟ್ಟೆಗೆ ನೀರು ಚಿಮುಕಿಸುತ್ತ, ಹೌದು ಬಿಡಿ, ನಿಮ್ಮ ಮುಖದಲ್ಲಿ ಅಂಥದ್ದೇನಿದೆಯೋ ಅದಕ್ಕೇ ಗೊತ್ತು ಎನ್ನುವಳು.

ಮಗುವಿನ ತಲೆಯಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆಯೆಂದು ಅವಳಿಗೆ ಅನ್ನಿಸಿದ್ದು ಸ್ನಾನ ಮಾಡಿಸುವಾಗ. ಒದ್ದೆ ಕೂದಲು ಅಂಟಿಕೊಂಡಿದ್ದ ತಲೆಯನ್ನು ಮೇಲಿನಿಂದ ನೋಡಿದರೆ ಹಿಂಭಾಗದ ಬಲಗಡೆ, ಕೈಯಿಂದ ಒತ್ತಿದ ಹಿಟ್ಟಿನ ಉಂಡೆಯ ಹಾಗೆ ಚಪ್ಪಟೆ. ಬಲಗಿವಿ ಎಡಗಿವಿಗಿಂತ ಒಂದಿಷ್ಟು ಮುಂದೆ ಬಂದಿತ್ತು. ಒಂದು ಬದಿಯಲ್ಲಿ ಹಾಲು ಕುಡಿಸಲು ಹೋದರೆ ಕೊಸರಾಡುತ್ತಿದ್ದುದೂ ಆಗಲೇ ನೆನಪಾಯಿತು. ಮಗುವನ್ನು ಒರೆಸಿ, ಸುತ್ತಿ, ಮಾವನ ಮುಂದೆ ತಂದಳು.

ಮಾವ ಅಳತೆಪಟ್ಟಿ ತೆಗೆದರು. ಹುಬ್ಬಿನ ಮೇಲಿಂದ ಹಿಂದಲೆಯವರೆಗೆ ಸುತ್ತಿದರು, ಎರಡೆರಡು ಸಲ. ಆ ವಯಸ್ಸಿಗೆ ಎಷ್ಟಿರಬೇಕೋ ಅಷ್ಟೇ ಇದೆ, ಒಂದು ನೂಲೂ ಆಚೀಚೆ ಇಲ್ಲವೆಂದರು. ಊರಿನ ಅರ್ಧ ತಲೆಗಳನ್ನು ಅಳೆದವರ ಮುಂದೆ ಇನ್ನೇನು ಹೇಳುವುದು? ತಲೆಗೆಲ್ಲ ಒಂದೇ ಮಂತ್ರವೆಂದರೆ ಅವರ ಮಟ್ಟಿಗೆ ಅದು ಗಾದೆಯಲ್ಲ, ಕಸುಬು. ಅವಳು ಚಪ್ಪಟೆಯಾದ ಕಡೆ ಬೆರಳಿಟ್ಟು ತೋರಿಸಿದಾಗ, ಮಾವ ಅಲ್ಲಿ ಕೈಯಾಡಿಸಿ ಮತ್ತೆ ಯಂತ್ರದ ಮುಂದೆ ಹೋಗಿ ಕೂತರು.

ಮಾರನೆಯ ದಿನ ಅವಳು ಎದ್ದು ಬರುವಷ್ಟರಲ್ಲಿ ಮಗುವಿನ ತಲೆಯ ಮೇಲೆ ಹೊಸ ಟೋಪಿ ಕೂತಿತ್ತು. ತಿಳಿನೀಲಿ ಬಟ್ಟೆ, ಒಳಗೆ ಮೆತ್ತನೆಯ ಅಸ್ತರಿ. ಹಿಂಭಾಗದ ಬಲಗಡೆ, ಎಷ್ಟು ಚಪ್ಪಟೆಯೋ ಅಷ್ಟೇ ಹತ್ತಿ ತುಂಬಿದ್ದರು. ಯಾವ ಕಡೆಯಿಂದ ನೋಡಿದರೂ ತಲೆ ಈಗ ತಾನೇ ಕಿತ್ತ ಕಿತ್ತಳೆಯಂತೆ ದುಂಡಗೆ. ಇಸ್ತ್ರಿಯವಳು ಬಂದು ದೃಷ್ಟಿಯಾದೀತು ಎಂದಳು.

"ಈಗ ಹೇಳಮ್ಮ, ಎಲ್ಲಾದ್ರೂ ಸೊಟ್ಟ ಕಾಣ್ತದಾ?" ಎಂದರು ಮಾವ.

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಹೊಲಿಗೆಯಲ್ಲಿ ಒಂದೂ ತಪ್ಪಿರಲಿಲ್ಲ. "ಟೋಪಿ ಸರಿ ಮಾಡಿದೀರ ಮಾವ" ಎಂದಳು. "ತಲೆ ಹಾಗೇ ಇದೆ."

ಮಕ್ಕಳ ಡಾಕ್ಟರರ ಹತ್ತಿರ ಹೋಗುವಾಗ ಮಾವನೂ ಹೊರಟರು, ಅಳತೆಪಟ್ಟಿ ಕೊರಳಲ್ಲೇ ಇತ್ತು. ಡಾಕ್ಟರು ಅವಳಿಗಿಂತ ತುಸು ದೊಡ್ಡವಳಾದ ಹೆಂಗಸು. ಮೊದಲು ತಲೆಬುರುಡೆಯ ಬೆಸುಗೆಗಳನ್ನು, ನೆತ್ತಿಯ ಮೆತ್ತನೆಯ ಜಾಗವನ್ನು ಬೆರಳ ತುದಿಯಿಂದ ತಡವಿ ನೋಡಿ, ಅಲ್ಲೇನೂ ತೊಂದರೆಯಿಲ್ಲವೆಂದಳು. ಆಮೇಲೆ ಪಟ್ಟಿ ಸುತ್ತಿ ಅಳೆದಳು. ಸುತ್ತಳತೆ ಸರಿಯಾಗಿದೆ ಎಂದಾಗ ಮಾವ ಸೊಸೆಯ ಕಡೆ ನೋಡಿದ ನೋಟವನ್ನು ಅವಳು ಬಹಳ ದಿನ ಮರೆಯಲಿಲ್ಲ. ಆದರೆ ಡಾಕ್ಟರು ಅಲ್ಲಿಗೆ ನಿಲ್ಲಲಿಲ್ಲ. ಇಕ್ಕಳದಂಥ ಒಂದು ಸಾಧನ ತೆಗೆದು ಹಣೆಯ ಒಂದು ಮೂಲೆಯಿಂದ ಹಿಂದಲೆಯ ಎದುರು ಮೂಲೆಗೆ ಅಳೆದಳು, ಮತ್ತೆ ಇನ್ನೊಂದು ಮೂಲೆಯಿಂದ ಅಳೆದಳು. ಎರಡೂ ಒಂದೇ ಇರಬೇಕಿತ್ತು, ಇರಲಿಲ್ಲ. ಸುತ್ತಿ ಅಳೆದರೆ ದುಂಡಗಿನ ತಲೆಗೂ ಅಷ್ಟೇ ಬರುತ್ತದೆ, ಓರೆಯಾದ ತಲೆಗೂ ಅಷ್ಟೇ ಬರುತ್ತದೆ ಎಂದು ಹೇಳಿದಳು. ಮಾವ ತಮ್ಮ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು.

ಕೊನೆಗೆ ಡಾಕ್ಟರು ಮಗುವಿನ ಭುಜದ ಮೇಲೆ ಕೈಯಿಟ್ಟು, ಗದ್ದವನ್ನು ಮೆಲ್ಲಗೆ ತಿರುಗಿಸಿದಳು. ಬಲಭುಜದವರೆಗೆ ಸಲೀಸಾಗಿ ಹೋಯಿತು. ಎಡಕ್ಕೆ ತಿರುಗಿಸಿದರೆ ಅರ್ಧ ದಾರಿಯಲ್ಲಿ ನಿಂತು ಮಗು ಮುಖ ಕಿವುಚಿತು. ಕತ್ತಿನ ಎಡಗಡೆಯ ಒಂದು ಸ್ನಾಯು ಬಿಗಿಯಾಗಿದೆ, ಹೊಟ್ಟೆಯಲ್ಲಿದ್ದಾಗ ಮಡಚಿಕೊಂಡ ರೀತಿಯಿಂದಲೂ ಹೀಗಾಗುವುದುಂಟು ಎಂದಳು. ಅದಕ್ಕೇ ಮುಖ ಸದಾ ಬಲಕ್ಕೆ. ಸದಾ ಒಂದೇ ಕಡೆ ಭಾರ ಬಿದ್ದು ಬುರುಡೆ ಅಲ್ಲಿ ಚಪ್ಪಟೆಯಾಗಿದೆ. ಮಿದುಳಿಗೇನೂ ಆಗಿಲ್ಲ. ಬುರುಡೆ ಮೆತ್ತಗಿರುವ ಈ ಕೆಲವು ತಿಂಗಳಲ್ಲಿ ಕತ್ತು ಸಡಿಲವಾದರೆ ತಲೆ ತಾನಾಗಿ ತುಂಬಿಕೊಳ್ಳುತ್ತದೆ, ತಡಮಾಡಿದರೆ ಕಷ್ಟ. ಎಚ್ಚರವಿದ್ದಾಗ, ಒಬ್ಬರು ಹತ್ತಿರವೇ ಇದ್ದು, ಬೋರಲು ಮಲಗಿಸಿ ಆಡಿಸಬೇಕು. ಮಲಗಿಸುವುದು ಮಾತ್ರ ಯಾವಾಗಲೂ ಅಂಗಾತವೇ, ದಿಂಬು ಗಿಂಬು ಕೂಡದು. ಕತ್ತು ತಿರುಗಿಸುವ ವ್ಯಾಯಾಮವನ್ನೂ ತೋರಿಸಿಕೊಟ್ಟಳು. ಕೆಲವರಿಗೆ ಹೆಲ್ಮೆಟ್ಟಿನಂಥದ್ದು ಹಾಕುತ್ತಾರೆ, ಆದರೆ ಈ ಮಗುವಿಗೆ ಈಗ ಅದರ ಮಾತೇ ಬೇಡ ಎಂದಳು.

ಹೆಲ್ಮೆಟ್ಟಿನ ಮಾತು ಬಂದದ್ದೇ ಮಾವ ಬಾಯಿ ಬಿಟ್ಟರು. "ಅದನ್ನ ಯಾರು ಹೊಲಿತಾರೆ?"

ಅದು ಹೊಲಿಯುವುದಲ್ಲ, ಅಚ್ಚು ತೆಗೆದು ಮಾಡುವುದೆಂದು ಡಾಕ್ಟರು ಹೇಳಿದಳು. ತಮ್ಮ ಮೊಮ್ಮಗನ ತಲೆಗೆ ಬೇರೆಯವರು ಟೋಪಿ ಹಾಕುವುದು ತಪ್ಪಿತೆಂದು ಮಾವ ದೊಡ್ಡ ಉಸಿರು ಬಿಟ್ಟರು.

ಆದರೆ ಕತ್ತಿನ ಮಾತನ್ನು ಅವರು ನಂಬಲಿಲ್ಲ. ದಾರಿಯುದ್ದಕ್ಕೂ ಗೊಣಗಿದರು: ಮಗು ಅಜ್ಜನನ್ನು ನೋಡುವುದೂ ಈ ಕಾಲದಲ್ಲಿ ಕಾಯಿಲೆಯಾಯಿತೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮನೆಯಲ್ಲಿ ಅವಳು ವ್ಯಾಯಾಮ ಮಾಡಿಸುತ್ತಿದ್ದರೆ ಅವರು ನೋಡಲಾರದವರಂತೆ ಬೀದಿಯ ಕಡೆ ತಿರುಗುತ್ತಿದ್ದರು. ಅವಳು ಕೆಲಸಕ್ಕೆ ಮರಳುವ ದಿನ ಹತ್ತಿರ ಬರುತ್ತಿತ್ತು. ಹಗಲೆಲ್ಲ ಮಗುವಿನ ಕತ್ತು ಇವರ ಕೈಯಲ್ಲಿ. ಇವರು ನಂಬದಿದ್ದರೆ ಮಾಡಿಸುವುದಿಲ್ಲ. ಮಾಡಿಸಿದೆನೆಂದು ಹೇಳಿದರೂ ಅರ್ಧಂಬರ್ಧ. ಕಿಂಡಿಯ ಹಿಂದೆ ಕೂತು, ಬಸ್ಸು ಹೋಯಿತೆಂದು ಸಾವಿರ ಸಲ ಹೇಳಿದರೂ ನಂಬದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅಂಥವರಿಗೆ ಹೇಳಿ ಪ್ರಯೋಜನವಿಲ್ಲ, ಬಸ್ಸು ನಿಂತಿದ್ದ ಖಾಲಿ ಜಾಗವನ್ನೇ ತೋರಿಸಬೇಕು.

ರಜೆ ಇನ್ನೂ ಉಳಿದಿರುವಾಗಲೇ ಒಂದು ಬೆಳಿಗ್ಗೆ ಅವಳು ಮಂಚದ ಹಾಸಿಗೆಯನ್ನು ತಲೆಕೆಳಗು ಮಾಡಿದಳು. ಕಾಲಿದ್ದ ಕಡೆಗೆ ತಲೆ, ತಲೆಯಿದ್ದ ಕಡೆಗೆ ಕಾಲು. ಈಗ ಮಗುವಿನ ಬಲಕ್ಕೆ ಗೋಡೆ, ಎಡಕ್ಕೆ ಅಜ್ಜ. ಮಾವನಿಗೆ ಇದು ಪರೀಕ್ಷೆಯಾಗಿ ಕಾಣಲೇ ಇಲ್ಲ, ಮೆರವಣಿಗೆಯಾಗಿ ಕಂಡಿತು. "ತಿರುಗಿಸು, ತಿರುಗಿಸು. ಅಜ್ಜ ಎಲ್ಲಿದ್ರೆ ಅಲ್ಲಿಗೆ ತಿರುಗ್ತಾನೆ ನನ್ನ ರಾಜ" ಎಂದು ಇಸ್ತ್ರಿಯವಳನ್ನೂ ಸಾಕ್ಷಿಗೆ ಕರೆದರು.

ಮಗು ಕಣ್ಣು ಬಿಟ್ಟಿತು. ಗೋಡೆ ನೋಡಿತು.

ಅಜ್ಜ ಕೆಮ್ಮಿದರು. ಕತ್ತರಿ ಕಟಕಟ ಆಡಿಸಿದರು. ಯಂತ್ರ ತುಳಿದರು. ಇರುವ ಮುದ್ದಿನ ಹೆಸರುಗಳನ್ನೆಲ್ಲ ಕರೆದು ಮುಗಿಸಿ ಹೊಸದಾಗಿ ಎರಡು ಕಟ್ಟಿದರು. ಮಗು ಸುಣ್ಣ ಎದ್ದುಹೋದ ಒಂದು ಜಾಗವನ್ನು ಕಣ್ಣರಳಿಸಿ ನೋಡುತ್ತಲೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಅದು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅಜ್ಜ ಇಷ್ಟು ದಿನ ಬೀದಿಗೆಲ್ಲ ತೋರಿಸಿದ ನಗೆಯೇ, ಕೂದಲೆಳೆಯಷ್ಟೂ ಕಡಿಮೆಯಿಲ್ಲ.

"ನಿಮಗಿಂತ ಗೋಡೆಯ ಸುಣ್ಣವೇ ಚೆಂದವಂತೆ" ಎಂದು ಇಸ್ತ್ರಿಯವಳು ತನ್ನ ಅಂಗಡಿಗೆ ಹೋದಳು.

ಮೂರು ತಿಂಗಳ ಮಗುವಿನ ಮೇಲೆ ಟೋಪಿಯಜ್ಜ ಇಡೀ ದಿನ ಮುನಿಸಿಕೊಂಡಿದ್ದರು. ಮಂಚದ ಹತ್ತಿರ ಸುಳಿಯಲಿಲ್ಲ. ಊಟ ಮಾಡಿದ್ದೂ ಬೆನ್ನು ತಿರುಗಿಸಿಯೇ. ಸಂಜೆ ಅವಳು ಬಟ್ಟೆ ಮಡಚುತ್ತಿದ್ದಾಗ ಬಂದು ಎದುರು ಕೂತರು.

"ಹಾಗಾದ್ರೆ ಇಷ್ಟು ದಿನ ಅವನು ನನ್ನ ನೋಡ್ತಾನೇ ಇರ್ಲಿಲ್ವಾ?"

ಬಸ್ಸು ಹೊರಟುಹೋಯಿತೆಂದು ದಿನಕ್ಕೆ ನೂರು ಜನಕ್ಕೆ ಮುಖಕ್ಕೆ ಮುಖ ಕೊಟ್ಟು ಹೇಳುವವಳು ಈಗ ಮೊದಲು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು.

"ನೋಡ್ತಿದ್ದ ಮಾವ. ಬೇರೆ ಕಡೆ ನೋಡೋಕೆ ಆಗ್ತಿರ್ಲಿಲ್ಲ, ಅಷ್ಟೆ."

ಮಾವ ತಲೆಯಾಡಿಸಿದರು. ವಿಧಿಯಿಲ್ಲದೆ ನೋಡುವುದು ಬೇರೆ, ಬೇಕೆಂದು ನೋಡುವುದು ಬೇರೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಆ ಕತ್ತು ತಿರುಗಿಸುವುದು ಹೇಗೆ, ಇನ್ನೊಂದು ಸಲ ತೋರಿಸು ಎಂದರು.

ಅಲ್ಲಿಂದ ಅವರು ಹಿಡಿದ ಪಟ್ಟು ಬಿಡಲಿಲ್ಲ. ನಿನ್ನೆ ಕಲಿತವರೇ ಇಂದು ಗುರು. ಅವಳು ಕೆಲಸದಿಂದ ಬಂದಾಗ ಅಂಗಡಿಯಲ್ಲಿ ಯಂತ್ರದ ಸದ್ದಿರುತ್ತಿರಲಿಲ್ಲ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಬೋರಲಾದ ಮಗು, ಅದರ ಎದುರು ಬೋರಲಾದ ಅಜ್ಜ. ಮಗು ತಲೆಯೆತ್ತಲಾರದೆ ಅತ್ತರೆ ಅಜ್ಜನೂ ಕತ್ತು ನೋವೆಂದು ನರಳುವರು. ಗಿರಾಕಿಗಳು ಬಂದರೆ ಮಲಗಿದಲ್ಲಿಂದಲೇ ಮಾತು. ಒಬ್ಬ ಕಾವಲುಗಾರ ಇವರಿಗೆ ಏನೋ ಆಗಿದೆಯೆಂದು ನೀರು ತರಲು ಓಡಿದ್ದನಂತೆ. ಇಸ್ತ್ರಿಯವಳು ಒಳ್ಳೆಯ ಮನಸ್ಸಿನಿಂದ ನಡುವೆ ತೂತಿದ್ದ ಪುಟ್ಟ ದಿಂಬು ತಂದುಕೊಟ್ಟಾಗ ಅಜ್ಜ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಮಾಡಿದರು; ಮಲಗುವ ಮಗುವಿನ ಹತ್ತಿರ ಅಂಥದ್ದು ಇಡಬಾರದೆಂದು ತಿಳಿಯದಷ್ಟು ಹಳೆಯ ಕಾಲದವಳೇ ನೀನು ಎಂದು ಕೇಳಿದರಂತೆ. ಮಗು ಮಾತ್ರ ಎಡಕ್ಕೆ ದಿನಕ್ಕೊಂದು ನೂಲಿನಷ್ಟು ತಿರುಗಿ, ಕೈಬಿಟ್ಟರೆ ಮತ್ತೆ ಗೋಡೆಯ ಕಡೆಗೆ ಹೋಗುತ್ತಿತ್ತು. ಅಜ್ಜ ಗೋಡೆಯನ್ನು ದುರುಗುಟ್ಟಿ ನೋಡುವರು.

ಒಂದು ಮಧ್ಯಾಹ್ನ ಅವಳು ಕೆಲಸ ಮುಗಿಸಿ ಬಾಗಿಲಿಗೆ ಬಂದಾಗ ಮಾವ ಮಂಚದ ಪಕ್ಕ ಕಲ್ಲಿನಂತೆ ಕೂತಿದ್ದರು. ಕೈಯಲ್ಲಿ ಸೂಜಿ ಹಾಗೇ ನಿಂತಿತ್ತು. ಮಗು ಅಂಗಾತ ಮಲಗಿ, ಯಾರೂ ಮುಟ್ಟದೆ, ಗದ್ದವನ್ನು ಎಡಭುಜದ ಮೇಲೆ ಪೂರಾ ತಂದು ಈ ಕಡೆ ನೋಡುತ್ತಿತ್ತು. ಮಾವನ ಕಣ್ಣು ತುಂಬಿ ಬಂದಿತ್ತು. ಅವಳು ಚಪ್ಪಲಿ ಬಿಡಲೂ ಹೆದರಿ ನಿಂತಳು.

ಆಮೇಲೆ ಮಾವ ಮೆಲ್ಲಗೆ ಒಂದು ಮಗ್ಗುಲಿಗೆ ಸರಿದರು. ಮಗುವಿನ ಕಣ್ಣು ಅವರ ಜೊತೆ ಸರಿಯಲಿಲ್ಲ. ಅವರು ಹಿಂತಿರುಗಿ ನೋಡಿದರು. ಹಿಂದೆ ಕನ್ನಡಿಯ ಮುಂದೆ ವಾದ್ಯದ ತಂಡದ ಯಜಮಾನ, ಜರಿಯಂಚಿನ ಕೆಂಪು ಟೋಪಿಯನ್ನು ತಲೆಗೇರಿಸಿ, ಅದರ ಗೊಂಡೆಯನ್ನು ಅಲ್ಲಾಡಿಸುತ್ತಿದ್ದ.

ಬಿಗಿಯಾಗುತ್ತಿದೆ, ಸ್ವಲ್ಪ ಬಿಚ್ಚಿಕೊಡಿ ಎಂದು ಅವನು ಟೋಪಿ ತೆಗೆಯಹೋದ.

"ಅಲ್ಲೇ ನಿಲ್ಲು" ಎಂದರು ಟೋಪಿಯಜ್ಜ. "ಗೊಂಡೆ ಅಲ್ಲಾಡಿಸ್ತಾ ಇರು. ತಲೆನೋವು ಬಂದ್ರೆ ಬರ್ಲಿ."

ಮುಂದಿನ ಸಲ ಹೋದಾಗ ಡಾಕ್ಟರರ ಎರಡು ಅಳತೆಗಳೂ ಹತ್ತಿರ ಹತ್ತಿರ ಬಂದಿದ್ದವು. ಕತ್ತು ಎರಡು ಕಡೆಗೂ ಸರಾಗವಾಗಿ ಹೋಗುತ್ತಿತ್ತು. ಹಿಂದಲೆಯಲ್ಲಿ ಅಲ್ಪಸ್ವಲ್ಪ ಚಪ್ಪಟೆ ಉಳಿದರೂ ಉಳಿದೀತು, ಕೂದಲು ಬೆಳೆದರೆ ಯಾರಿಗೂ ಕಾಣುವುದಿಲ್ಲ ಎಂದಳು ಡಾಕ್ಟರು. ತಮಗೆ ಕಾಣುತ್ತದೆ ಎಂದರು ಮಾವ. ಆದರೆ ಅದಕ್ಕೆ ಹತ್ತಿ ತುಂಬುವ ಮಾತೆತ್ತಲಿಲ್ಲ.

ಮಗು ಈಗ ತೆವಳುತ್ತದೆ, ಯಾರನ್ನೂ ಹೆಚ್ಚು ಹೊತ್ತು ನೋಡುವುದಿಲ್ಲ. ಟೋಪಿಯಜ್ಜ ಬೆಳಕು ಹರಿದಾಗ ಯಂತ್ರದ ಮುಂದೆ ಕೂತು ಒಂದಿಷ್ಟು ಹೊಲಿಯುತ್ತಾರೆ. ಮಗು ಎದ್ದ ಮೇಲೆ, ಸೊಸೆ ಕೆಲಸದಿಂದ ಬರುವವರೆಗೆ, ಬಾಗಿಲಿಗೆ ಹಲಗೆ ಅಡ್ಡವಿಟ್ಟು ಮೊಮ್ಮಗನ ಹಿಂದೆ ಮಂಡಿಯೂರಿ ಓಡಾಡುತ್ತಾರೆ.